ತೂಕ ಎಷ್ಟು ಅಂದರು, ಅಂದಾಜಿನಲ್ಲಿ ಹೇಳಿದೆ

ಬಾಣಂತಿ ಸಾವಿನ ಸುದ್ದಿ ಬರೆಯುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಡಿಪ್ಲೊಮಾ ಮುಗಿಸಿ ಮೊದಲ ವರ್ಷ ಕಳೆಯುವುದರೊಳಗೆ ಕೈಗೆ ಬಂದುಬಿಡುತ್ತದೆ. ‘ವೈದ್ಯರ ನಿರ್ಲಕ್ಷ್ಯ: ಬಾಣಂತಿ ಸಾವು, ಸಂಬಂಧಿಕರ ಪ್ರತಿಭಟನೆ’. ಆಸ್ಪತ್ರೆ ಮುಂದೆ ಕೂತವರ ಒಂದು ಫೋಟೊ, ಪೊಲೀಸ್ ಇನ್‌ಸ್ಪೆಕ್ಟರ್ ಸಮಾಧಾನ ಮಾಡಿದರು ಅಂತ ಒಂದು ಸಾಲು, ವರದಿ ಕೇಳಿದ್ದೇವೆ ಅಂತ ಡಿಎಚ್‌ಒ ಹೇಳಿದ ಇನ್ನೊಂದು ಸಾಲು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಇಂಥ ಸುದ್ದಿ ನಾನು ಎಷ್ಟು ಕಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದರಲ್ಲೂ ಆಪರೇಷನ್ ಟೇಬಲ್ ಮೇಲೆ ಆ ಹೆಣ್ಣುಮಗಳಿಗೆ ಯಾವ ಔಷಧ ಕೊಟ್ಟರು, ಯಾರು ಕೊಟ್ಟರು ಅಂತ ಕೇಳಿರಲಿಲ್ಲ. ಕೇಳಬಹುದಾದ ಪ್ರಶ್ನೆ ಅಂತಲೇ ಅನಿಸಿರಲಿಲ್ಲ.

ಅನಿಸಿದ್ದು ನನ್ನ ತಂಗಿಯ ಹೆರಿಗೆಯಾದ ಮೇಲೆ. ಅದೂ ತಕ್ಷಣ ಅಲ್ಲ, ತಡವಾಗಿ.

ತಂಗಿ ಮನೆ ನಮ್ಮ ಯಲಹಂಕದ ಹತ್ತಿರವೇ. ಮೊದಲ ಹೆರಿಗೆ, ಎಂಟು ತಿಂಗಳು ತುಂಬಿತ್ತು. ಒಂದು ರಾತ್ರಿ ತಲೆನೋವು ತಡೆಯೋಕಾಗ್ತಿಲ್ಲ, ಕಣ್ಣು ಮಂಜಾಗ್ತಿದೆ ಅಂದಳು. ಅವಳ ಗಂಡ ಪೀಣ್ಯದಲ್ಲಿ ನೈಟ್ ಶಿಫ್ಟ್‌ನಲ್ಲಿದ್ದರು. ನಾನೇ ಆಟೊದಲ್ಲಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಬಿಪಿ ವಿಪರೀತ ಏರಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ‘ಗರ್ಭನಂಜು, ಈಗಲೇ ಸಿಸೇರಿಯನ್ ಮಾಡಬೇಕು, ಬೆನ್ನಿಗೆ ಇಂಜೆಕ್ಷನ್ ಕೊಡೋಕಾಗಲ್ಲ, ಫುಲ್ ಅನಸ್ತೇಷಿಯಾನೇ ಕೊಡಬೇಕು’ ಅಂದರು ಲೇಡಿ ಡಾಕ್ಟರು.

ಅನಸ್ತೇಷಿಯಾ ಡಾಕ್ಟರು ಅಲ್ಲಿನವರಲ್ಲ. ಆರ್.ಟಿ. ನಗರದಲ್ಲಿ ಇನ್ನೊಂದು ಕೇಸ್ ಮುಗಿಸಿಕೊಂಡು ಬಂದರು. ಬಂದವರು ಬಾಗಿಲಲ್ಲೇ ನಿಂತು ನನ್ನನ್ನು ಮೂರು ಪ್ರಶ್ನೆ ಕೇಳಿದರು. ಊಟ ಮಾಡಿ ಎಷ್ಟು ಹೊತ್ತಾಯ್ತು? ಯಾವುದಾದರೂ ಔಷಧ ಆಗಲ್ವಾ? ತೂಕ ಎಷ್ಟು?

ಮೊದಲ ಎರಡಕ್ಕೆ ಉತ್ತರ ಗೊತ್ತಿತ್ತು. ಮೂರನೆಯದಕ್ಕೆ ‘ಐವತ್ತೆಂಟು ಇರಬಹುದು ಸರ್’ ಅಂದೆ. ಮದುವೆ ಹೊತ್ತಿಗೆ ಐವತ್ತಿದ್ದಳು, ಅದಕ್ಕೆ ಎಂಟು ಸೇರಿಸಿದೆ. ತಾಯಿ ಕಾರ್ಡ್ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಉಳಿದಿತ್ತು. ಇಂಗ್ಲಿಷಿನಲ್ಲಿದ್ದ ಒಂದು ಫಾರಂ ಕೊಟ್ಟರು, ಮೊಣಕಾಲ ಮೇಲೆ ಇಟ್ಟುಕೊಂಡು ಸಹಿ ಹಾಕಿದೆ. ದಿನವಿಡೀ ಬರೆದು, ಓದಿ ಹೊಟ್ಟೆ ಹೊರೆಯುವ ನಾನು ಆ ಹಾಳೆಯ ಒಂದು ಸಾಲನ್ನೂ ಓದಲಿಲ್ಲ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಉಳಿದರು. ಆ ರಾತ್ರಿ ಆ ಡಾಕ್ಟರುಗಳು ಇರದಿದ್ದರೆ ಉಳಿಯುತ್ತಿರಲಿಲ್ಲ. ಮುಂದೆ ಬರೆಯುವುದನ್ನೆಲ್ಲ ಈ ಮಾತು ನೆನಪಿಟ್ಟುಕೊಂಡೇ ಓದಿ.

ಮೂರನೇ ದಿನ ತಂಗಿ ಹೇಳಿದಳು: ‘ಅಣ್ಣಾ, ನಂಗೆ ಮಧ್ಯದಲ್ಲಿ ಎಚ್ಚರ ಆಗಿತ್ತು. ಹೆಬ್ಬಾಳದಲ್ಲಿ ಈ ಹೊತ್ತಲ್ಲೂ ಜಾಮ್ ಅಂತ ಯಾರೋ ಮಾತಾಡ್ತಿದ್ರು. ಹೊಟ್ಟೆ ಎಳೀತಿದ್ರು. ಕಿರುಚೋಣ ಅಂದ್ರೆ ಬಾಯೇ ಬರ್ಲಿಲ್ಲ. ಬೆರಳು ಕೂಡ ಅಲ್ಲಾಡಿಸೋಕಾಗ್ಲಿಲ್ಲ.’

‘ಔಷಧಿ ಮಂಪರು ಕಣೆ, ಕನಸು ಬಿದ್ದಿರುತ್ತೆ’ ಅಂದೆ. ‘ಮಗು ಚೆನ್ನಾಗಿದೆ ತಾನೆ, ಅದನ್ನೆಲ್ಲ ನೆನೆಸ್ಕೋಬೇಡ’ ಅಂದರು ಅಮ್ಮ. ಅವಳು ಆಮೇಲೆ ಆ ಮಾತು ಎತ್ತಲಿಲ್ಲ. ರಾತ್ರಿ ದೀಪ ಆರಿಸಿ ಮಲಗುವುದನ್ನೂ ಬಿಟ್ಟಳು. ಬಾಣಂತನದಲ್ಲಿ ಹಾಗೇ ಅಂದುಕೊಂಡೆವು.

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯ ಸುದ್ದಿ ಬಂತು. ಸಿಸೇರಿಯನ್ ಆದ ಹಲವು ಬಾಣಂತಿಯರ ಸ್ಥಿತಿ ಒಟ್ಟಿಗೇ ಕೆಟ್ಟು, ಒಬ್ಬೊಬ್ಬರಾಗಿ ಐವರು ತೀರಿಕೊಂಡರು. ಸರ್ಕಾರ ಬೆರಳು ತೋರಿಸಿದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪನಿಯ ರಿಂಗರ್ಸ್ ಲ್ಯಾಕ್ಟೇಟ್ ಕಡೆಗೆ, ಅಂದರೆ ನಾವೆಲ್ಲ ‘ಗ್ಲೂಕೋಸ್ ಹಾಕಿದ್ರು’ ಅನ್ನುವ ಡ್ರಿಪ್ ಬಾಟಲಿಯ ಕಡೆಗೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬಳ್ಳಾರಿ ಇಲ್ಲಿಗೆ ದೂರ, ಆದರೆ ಹೆಬ್ಬಾಳದಿಂದ ಯಲಹಂಕದ ಕಡೆಗೆ ಬರುವ ನಮ್ಮ ದೊಡ್ಡ ರಸ್ತೆಗೆ ಹೆಸರು ಬಳ್ಳಾರಿ ರಸ್ತೆ ಅಂತಲೇ. ಅದೇ ರಸ್ತೆಯಲ್ಲಿ ನಿಂತು ಮೊದಲ ಸಲ ಯೋಚಿಸಿದೆ: ಬಾಟಲಿಯೊಳಗೆ ಏನಿದೆ ಅಂತ ಐದು ಸಾವಾದ ಮೇಲೆ ಕೇಳಿದೆವಲ್ಲ, ಸಿರಿಂಜಿನೊಳಗೆ ಏನಿದೆ ಅಂತ ಯಾವಾಗ ಕೇಳುತ್ತೇವೆ?

ಆಮೇಲೆ ಪರಿಚಯದ ಅರಿವಳಿಕೆ ತಜ್ಞರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡದ್ದು ಇಷ್ಟು.

ಸಿಸೇರಿಯನ್ನಿಗೆ ಸಾಮಾನ್ಯವಾಗಿ ಕೊಡುವುದು ಬೆನ್ನಿಗೆ. ಬ್ಯುಪಿವಕೇನ್ ಎಂಬ ಔಷಧ, ಎರಡು ಎಂಎಲ್ ಆಸುಪಾಸು. ಸೊಂಟದ ಕೆಳಗೆ ಮರಗಟ್ಟುತ್ತದೆ, ತಾಯಿ ಎಚ್ಚರವಾಗಿದ್ದು ಮಗುವಿನ ಅಳು ಕೇಳುತ್ತಾಳೆ. ತುಂಬು ಗರ್ಭಿಣಿಯನ್ನು ಪೂರ್ತಿ ನಿದ್ದೆಗೆ ತಳ್ಳುವುದಕ್ಕಿಂತ ಇದು ಸುರಕ್ಷಿತ. ಏಕೆಂದರೆ ಗರ್ಭಿಣಿಯ ಗಂಟಲು ಊದಿಕೊಂಡಿರುತ್ತದೆ, ಟ್ಯೂಬ್ ಇಳಿಸುವುದು ಕಷ್ಟ. ಉಸಿರು ನಿಂತರೆ ಆಮ್ಲಜನಕ ಬೇಗ ಇಳಿಯುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ. ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲೇ 44,016 ಹೆರಿಗೆಗಳ ದಾಖಲೆ ನೋಡಿ 66 ಮಂದಿಗೆ ಹೀಗಾಗಿದೆ ಅಂತ ಬರೆದಿದ್ದರು. ಊಟ ಮಾಡಿ ಎಷ್ಟು ಹೊತ್ತಾಯ್ತು ಅಂತ ಬಾಗಿಲಲ್ಲಿ ಕೇಳಿದ್ದು ಅದಕ್ಕೇ.

ಆದರೂ ಕೆಲವರಿಗೆ ಪೂರ್ಣ ಅರಿವಳಿಕೆ ಬಿಟ್ಟು ದಾರಿಯಿಲ್ಲ. ವಿಪರೀತ ರಕ್ತಸ್ರಾವವಾಗುತ್ತಿರುವವರು, ಪ್ಲೇಟ್‌ಲೆಟ್ ಬಹಳ ಇಳಿದವರು, ನಂಜಿನ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದವರು, ಹೊಕ್ಕುಳಬಳ್ಳಿ ಜಾರಿ ನಿಮಿಷಗಳ ಲೆಕ್ಕದಲ್ಲಿ ಮಗು ತೆಗೆಯಬೇಕಾದವರು, ಬೆನ್ನಿನ ಇಂಜೆಕ್ಷನ್ ಹಿಡಿಯದವರು. ಅಂದರೆ ಹೆರಿಗೆ ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ಹೆಂಗಸರೇ ಇದಕ್ಕೆ ಬರುತ್ತಾರೆ, ಅದೂ ಬಹುಪಾಲು ಹೊತ್ತಲ್ಲದ ಹೊತ್ತಿನಲ್ಲಿ.

ಇಲ್ಲಿ ಮೊದಲು ನಿದ್ದೆ ಬರಿಸುವ ಇಂಜೆಕ್ಷನ್, ಬೆನ್ನಿಗೇ ಸ್ನಾಯುಗಳನ್ನು ಸಡಿಲ ಮಾಡುವ ಇಂಜೆಕ್ಷನ್, ಆಮೇಲೆ ಗಂಟಲಿಗೆ ಟ್ಯೂಬ್, ಅದರ ಮೂಲಕ ಆಮ್ಲಜನಕ ಮತ್ತು ನಿದ್ದೆ ಉಳಿಸುವ ಗ್ಯಾಸ್. ನಿದ್ದೆ ಬರಿಸುವ ಔಷಧಗಳಲ್ಲಿ ಮುಖ್ಯವಾದವು ಮೂರು.

ಥಯೋಪೆಂಟೋನ್ ಹಳೆಯದು, 1934ರಿಂದ ಬಳಕೆಯಲ್ಲಿದೆ. ಪುಡಿ, ನೀರಿನಲ್ಲಿ ಕಲಸಿ ಕೊಡಬೇಕು. ಸಿಸೇರಿಯನ್ನಿಗೆ ದಶಕಗಳ ಕಾಲ ಇದೇ ರೂಢಿ. ಪ್ರೊಪೊಫಾಲ್ ಹಾಲಿನ ಬಣ್ಣದ್ದು, 1986ರಲ್ಲಿ ಬ್ರಿಟನ್ನಿನಲ್ಲಿ ಪರವಾನಗಿ ಪಡೆಯಿತು. ಕಲಸುವ ಕೆಲಸವಿಲ್ಲ, ಉಳಿದ ಆಪರೇಷನ್‌ಗಳಲ್ಲಿ ದಿನಾ ಬಳಸುವುದರಿಂದ ಡಾಕ್ಟರ ಕೈಗೆ ಚೆನ್ನಾಗಿ ಪಳಗಿದೆ. ಇವೆರಡೂ ಬಿಪಿ ಇಳಿಸುತ್ತವೆ. ಮೂರನೆಯದು ಕೆಟಮಿನ್. ಇದು ಬಿಪಿಯನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇಕೆ, ಏರಿಸುತ್ತದೆ. ನೋವನ್ನೂ ಕಡಿಮೆ ಮಾಡುತ್ತದೆ. ಎಚ್ಚರವಾಗುವಾಗ ಕೆಲವರಿಗೆ ಭಯಂಕರ ಕನಸು, ಭ್ರಮೆ ಬರುವುದುಂಟು.

ಈಗ ಇಬ್ಬರು ಹೆಂಗಸರನ್ನು ನೆನೆಸಿಕೊಳ್ಳಿ. ಒಬ್ಬಳಿಗೆ ಮಾಸು ಬೇರ್ಪಟ್ಟು ಬಕೆಟ್ ಗಟ್ಟಲೆ ರಕ್ತ ಹೋಗಿದೆ, ಬಿಪಿ ಸಿಗುತ್ತಿಲ್ಲ. ಅವಳಿಗೆ ಕೆಟಮಿನ್ ಜೀವದಾನ. ಥಯೋಪೆಂಟೋನ್ ಪೂರ್ತಿ ಡೋಸ್ ಕೊಟ್ಟರೆ ಟೇಬಲ್ ಮೇಲೇ ಹೃದಯ ನಿಲ್ಲಬಹುದು. ಇನ್ನೊಬ್ಬಳು ನನ್ನ ತಂಗಿಯಂಥವಳು, ಬಿಪಿ ನೆತ್ತಿಗೇರಿದೆ. ಟ್ಯೂಬ್ ಇಳಿಸುವಾಗಲೇ ಬಿಪಿ ಇನ್ನಷ್ಟು ಜಿಗಿಯುತ್ತದೆ, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಅವಳಿಗೆ ಕೆಟಮಿನ್ ಕೊಡುವುದು ಉರಿಯುವ ಒಲೆಗೆ ಎಣ್ಣೆ ಹಾಕಿದ ಹಾಗೆ. ಒಂದೇ ವಾರ್ಡ್, ಅಕ್ಕಪಕ್ಕದ ಮಂಚ. ಒಬ್ಬಳನ್ನು ಉಳಿಸುವ ಔಷಧ ಇನ್ನೊಬ್ಬಳನ್ನು ಕೊಲ್ಲಬಹುದು.

ಯಾವುದು ಕೊಡಬೇಕು ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ, ನನ್ನದಲ್ಲ, ನಿಮ್ಮದಲ್ಲ. ಆದರೆ ಆಯ್ಕೆ ಅನ್ನಬೇಕಾದರೆ ಬೀರುವಿನಲ್ಲಿ ಎರಡಾದರೂ ಇರಬೇಕು. ಒಂದೇ ಇದ್ದರೆ ಆಯ್ಕೆ ಮಾಡಿದ್ದು ಡಾಕ್ಟರಲ್ಲ, ಇಂಡೆಂಟ್ ಬರೆದವರು, ಟೆಂಡರ್ ಕರೆದವರು, ಸಪ್ಲೈ ತಡ ಮಾಡಿದವರು. ಅದು ಸಾರ್ವಜನಿಕ ವಿಷಯ, ನಮ್ಮ ಬೀಟಿನ ವಿಷಯ.

ಕೆಟಮಿನ್ ಬಗ್ಗೆ ಇನ್ನೊಂದು ಮಾತು. ನಶೆಗೆ ದುರ್ಬಳಕೆ ಆಗುತ್ತದೆ ಅಂತ ನಮ್ಮಲ್ಲಿ ಅದು ಷೆಡ್ಯೂಲ್ ಎಕ್ಸ್‌ನಲ್ಲಿದೆ. ಬೀಗ, ರಿಜಿಸ್ಟರ್, ಲೆಕ್ಕ ಎಲ್ಲ ಬೇಕು, ಅದು ಸರಿಯೇ. ಆದರೆ 2015ರಲ್ಲಿ ಚೀನಾ ಇದನ್ನು ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಗೆ ಸೇರಿಸಿ ಅಂದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬೇಡ ಅಂದರು. ಬಡ ದೇಶಗಳ ಸಣ್ಣ ಆಸ್ಪತ್ರೆಗಳಲ್ಲಿ ಆಪರೇಷನ್ನೇ ನಿಂತುಹೋಗುತ್ತದೆ ಅನ್ನುವುದು ಅವರ ವಾದ. ಬೀಗದ ಕೀ ಯಾರ ಹತ್ತಿರ ಇದೆ, ರಾತ್ರಿ ಎರಡು ಗಂಟೆಗೆ ಅವರು ಸಿಗುತ್ತಾರಾ ಅನ್ನುವುದೂ ಒಬ್ಬ ತಾಯಿಯ ಜೀವದ ಪ್ರಶ್ನೆ ಆಗಬಲ್ಲದು.

ಈಗ ತಂಗಿಯ ಎಚ್ಚರದ ವಿಷಯಕ್ಕೆ ಬರುತ್ತೇನೆ.

ಸಿಸೇರಿಯನ್‌ನಲ್ಲಿ ತಾಯಿಗೆ ಕೊಟ್ಟದ್ದು ಮಾಸಿನ ಮೂಲಕ ಮಗುವಿಗೂ ಹೋಗುತ್ತದೆ. ಹಾಗಾಗಿ ಬಲವಾದ ನೋವಿನ ಔಷಧಗಳನ್ನು ಸಾಮಾನ್ಯವಾಗಿ ಹೊಕ್ಕುಳಬಳ್ಳಿ ಕತ್ತರಿಸುವ ತನಕ ತಡೆಹಿಡಿಯುತ್ತಾರೆ. ಗ್ಯಾಸ್ ಜಾಸ್ತಿ ಕೊಟ್ಟರೆ ಗರ್ಭಕೋಶ ಸಡಿಲವಾಗಿ ರಕ್ತ ಹೋಗುತ್ತದೆ, ಅದನ್ನೂ ಅಳೆದು ಕೊಡಬೇಕು. ಇಂಜೆಕ್ಷನ್ನಿನ ನಿದ್ದೆ ಕೆಲವೇ ನಿಮಿಷ. ಅದು ಇಳಿಯುವುದಕ್ಕೆ ಮೊದಲು ಗ್ಯಾಸ್ ಏರಬೇಕು. ಈ ನಡುವಿನ ಸಂದಿಯಲ್ಲಿ, ಮೊದಲ ಡೋಸ್ ಕಡಿಮೆಯಾಗಿದ್ದರೆ, ನಿದ್ದೆ ತಿಳಿಯಾಗಬಹುದು. ಸ್ನಾಯುವಿನ ಔಷಧ ಮಾತ್ರ ಇನ್ನೂ ಕೆಲಸ ಮಾಡುತ್ತಿರುತ್ತದೆ. ಮನಸ್ಸಿಗೆ ಎಚ್ಚರ, ಮೈಗೆ ಇಲ್ಲ. ಬೆರಳು ಅಲ್ಲಾಡಿಸೋಕಾಗ್ಲಿಲ್ಲ ಅಂದಳಲ್ಲ, ಅದು ಇದೇ.

2014ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರು ಒಂದು ದೊಡ್ಡ ವರದಿ ಹೊರತಂದರು. ಒಟ್ಟಾರೆ ಪೂರ್ಣ ಅರಿವಳಿಕೆಯಲ್ಲಿ ಮಧ್ಯೆ ಎಚ್ಚರವಾಯಿತೆಂದು ಹೇಳಿದವರು ಸುಮಾರು 19,000ಕ್ಕೆ ಒಬ್ಬರು. ಸಿಸೇರಿಯನ್‌ನಲ್ಲಿ ಸುಮಾರು 670ಕ್ಕೆ ಒಬ್ಬರು. 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ 72 ಆಸ್ಪತ್ರೆಗಳ ಅಧ್ಯಯನದಲ್ಲಿ ಹೆರಿಗೆಗೆ ಸಂಬಂಧಿಸಿದ ಆಪರೇಷನ್ ಆದವರನ್ನು ತಾವಾಗಿಯೇ ಹೋಗಿ, ಮತ್ತೆ ಮತ್ತೆ ಕೇಳಿದರು. ಆಗ ಸಿಕ್ಕ ಲೆಕ್ಕ 256ಕ್ಕೆ ಒಬ್ಬರು. ರಾತ್ರಿ ಹೊತ್ತಿನ ಕೇಸುಗಳಲ್ಲಿ, ಥಯೋಪೆಂಟೋನ್ ಅಥವಾ ಕೆಟಮಿನ್ ಕೊಟ್ಟವರಲ್ಲಿ ಇದು ಹೆಚ್ಚು ಕಂಡಿತು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ನುಂಗಿಕೊಳ್ಳುತ್ತಾರೆ. ನನ್ನ ತಂಗಿ ಕೇಳದೆಯೇ ಹೇಳಿದ್ದಳು. ಕನಸು ಅಂದವನು ನಾನು.

ಇದನ್ನು ಓದಿದ ವಾರವೇ ನರ್ಸಿಂಗ್ ಹೋಮಿಗೆ ಹೋಗಿ ದಾಖಲೆ ಕೇಳಿದೆ. ಡಿಸ್ಚಾರ್ಜ್ ಸಮರಿಯಲ್ಲಿ ‘ಜಿಎ’ ಅಂತ ಎರಡಕ್ಷರ ಬಿಟ್ಟರೆ ಏನೂ ಇರಲಿಲ್ಲ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ರೋಗಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ತಂಗಿಯಿಂದ ಅರ್ಜಿ ಬರೆಸಿ ಕೊಟ್ಟ ಮೇಲೆ ಅನಸ್ತೇಷಿಯಾ ಚಾರ್ಟಿನ ಜೆರಾಕ್ಸ್ ಸಿಕ್ಕಿತು. ತೂಕ: 58. ಥಯೋಪೆಂಟೋನ್: 250 ಮಿ.ಗ್ರಾಂ.

ಮನೆಗೆ ಬಂದು ತಾಯಿ ಕಾರ್ಡ್ ತೆಗೆದೆ. ಹೆರಿಗೆಗೆ ಹತ್ತು ದಿನ ಮುಂಚಿನ ತಪಾಸಣೆಯಲ್ಲಿ ತೂಕ 73.

ಪುಸ್ತಕದ ಪ್ರಕಾರ ಥಯೋಪೆಂಟೋನ್ ಕಿಲೋಗೆ 4ರಿಂದ 5 ಮಿ.ಗ್ರಾಂ. 58 ಕಿಲೋಗೆ 250 ಸರಿಯಾದ ಲೆಕ್ಕ. 73ಕ್ಕೆ ಕನಿಷ್ಠ 292 ಬೇಕಿತ್ತು. ಇದೊಂದೇ ಕಾರಣ ಅಂತ ನಾನು ಹೇಳಲಾರೆ, ಗ್ಯಾಸ್ ಏರುವುದು ತಡವಾಗಿರಬಹುದು, ಮತ್ತೇನೋ ಆಗಿರಬಹುದು. ಆದರೆ ಆ ಚಾರ್ಟಿನ 58 ಡಾಕ್ಟರದ್ದಲ್ಲ. ಅದು ನನ್ನ ಬಾಯಿಂದ ಬಂದದ್ದು. ‘ವೈದ್ಯರ ನಿರ್ಲಕ್ಷ್ಯ’ ಅಂತ ಹೆಡ್ಡಿಂಗ್ ಕೊಟ್ಟು ಅಭ್ಯಾಸವಾದ ಕೈಗೆ ಈ ಜೆರಾಕ್ಸ್ ಹಿಡಿದುಕೊಳ್ಳುವುದು ಕಷ್ಟವಾಯಿತು.

ಒಪ್ಪಿಗೆ ಪತ್ರದ್ದೂ ಇದೇ ಕಥೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಪ್ರಾಯಕ್ಕೆ ಬಂದ, ತೀರ್ಮಾನ ಮಾಡುವ ಶಕ್ತಿಯಿರುವ ಹೆಂಗಸಿನ ಪರವಾಗಿ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಾಗ, ಬೇರೆಯವರ ಒಪ್ಪಿಗೆ ನಡೆಯುವುದಿಲ್ಲ, ಒಪ್ಪಿಗೆಗೆ ಮೊದಲು ಬೇಕಾದ ಮಾಹಿತಿ ಕೊಡಬೇಕು ಅಂತ ಕೋರ್ಟ್ ಹೇಳಿತು. ತಂಗಿಯದು ತುರ್ತು, ಒಪ್ಪುತ್ತೇನೆ. ಆದರೂ ಅವಳು ಒಳಗೆ ಎಚ್ಚರವಾಗಿಯೇ ಇದ್ದಳು, ತಲೆನೋವಿನಲ್ಲೂ ಮಾತಾಡುತ್ತಿದ್ದಳು. ತೂಕವನ್ನು ಅವಳನ್ನೇ ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದಳು. ಅವಳು ಒಳಗೆ, ಕಾಗದ ಹೊರಗೆ, ಪ್ರಶ್ನೆ ಗಂಡಸಿಗೆ. ಇದು ಒಂದು ನರ್ಸಿಂಗ್ ಹೋಮಿನ ತಪ್ಪಲ್ಲ, ನಮ್ಮೆಲ್ಲರ ರೂಢಿ.

ಡಾಕ್ಟರ ಗೆಳೆಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಎರಡು ಮಾತು ಅಂದರು. ಒಂದು, ‘ತಾಯಿ ಸಾಯ್ತಿರುವಾಗ ಔಷಧದ ಪಟ್ಟಿ ಓದ್ತಾ ಕೂರೋಕಾಗುತ್ತಾ?’ ಆಗಲ್ಲ. ಅದಕ್ಕೇ ಹೇಳುತ್ತಿರುವುದು, ಆ ಮಾತು ಅವತ್ತು ರಾತ್ರಿ ಅಲ್ಲ, ಏಳೆಂಟು ತಿಂಗಳ ತಪಾಸಣೆಯಲ್ಲೇ ಆಗಬೇಕು ಅಂತ. ಎರಡನೆಯದು ಇನ್ನೂ ತೂಕದ್ದು: ‘ನೀವು ಜಾಸ್ತಿ ಪ್ರಶ್ನೆ ಕೇಳಿದ್ರೆ ಸಣ್ಣ ಆಸ್ಪತ್ರೆಯವರು ಇಂಥ ಕೇಸ್ ಮುಟ್ಟೋದೇ ಬಿಡ್ತಾರೆ. ವಾಣಿವಿಲಾಸಕ್ಕೆ ಹೋಗಿ ಅಂತಾರೆ.’ ಇದು ನಿಜವಾದ ಭಯ. ಚಿಕ್ಕಬಳ್ಳಾಪುರ, ದೇವನಹಳ್ಳಿಯಿಂದ ಬರುವ 108 ಹೆಬ್ಬಾಳದ ಫ್ಲೈಓವರ್ ಕೆಳಗೆ ಸೈರನ್ ಹಾಕಿಕೊಂಡು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ರಕ್ತ ಹೋಗುತ್ತಿರುವ ತಾಯಿಗೆ ಆ ಹೊತ್ತು ಇರುವುದಿಲ್ಲ.

ಹಾಗಾಗಿ ನನ್ನ ಮಾತು ಡಾಕ್ಟರ ಮೇಲೆ ಕೇಸ್ ಹಾಕಿ ಅಂತಲ್ಲ. ನಮ್ಮ ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಶೇ 23.6 ಇದ್ದದ್ದು 2019-21ಕ್ಕೆ ಶೇ 31.5 ಆಗಿದೆ. ಹೊಟ್ಟೆ ಕೊಯ್ಯುವುದು ಏರಿದಷ್ಟು ಅರಿವಳಿಕೆಯ ಬಗ್ಗೆ ಮಾತು ಏರಿಲ್ಲ. ತಜ್ಞರು ಸಾಲದ ಕಡೆಗೆಂದೇ ಎಂಬಿಬಿಎಸ್ ಡಾಕ್ಟರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಯೋಜನೆ ಕೇಂದ್ರದ್ದು ಇದೆ. ತರಬೇತಿ ಪಡೆದವರನ್ನು ಹೆರಿಗೆ ನಡೆಯುವ ಆಸ್ಪತ್ರೆಯಲ್ಲೇ ಇಡಬೇಕು, ಅವರಿಗೆ ಔಷಧವೂ ಇರಬೇಕು.

ನಮ್ಮ ಬ್ಯಾಚಿನವರು ಇವತ್ತು ಬೀದರಿನಿಂದ ಚಾಮರಾಜನಗರದ ತನಕ ತಾಲೂಕು ಸುದ್ದಿ ಮಾಡುತ್ತಿದ್ದೇವೆ. ಸಾವಾಗುವ ಮೊದಲೇ, ಯಾವುದಾದರೂ ಸಾಮಾನ್ಯ ಮಂಗಳವಾರ, ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ಈ ನಾಲ್ಕು ಕೇಳಿ.

ಒಂದು, ರಾತ್ರಿ ಅರಿವಳಿಕೆ ಕೊಡುವವರು ಯಾರು, ಎಷ್ಟು ದೂರದಲ್ಲಿದ್ದಾರೆ?

ಎರಡು, ನಿದ್ದೆ ಬರಿಸುವ ಔಷಧ ಇವತ್ತು ಯಾವ್ಯಾವುದು ಇದೆ? ಕೆಟಮಿನ್ ಜೊತೆಗೆ ಥಯೋಪೆಂಟೋನ್ ಅಥವಾ ಪ್ರೊಪೊಫಾಲ್ ಇದೆಯೇ? ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಕೊನೆಯ ಇಂಡೆಂಟ್ ಯಾವಾಗ ಹೋಯಿತು, ಬಂದದ್ದು ಎಷ್ಟು? ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ.

ಮೂರು, ಸ್ನಾಯು ಸಡಿಲಿಸುವ ಸ್ಕೋಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕರೆಂಟ್ ಹೋದರೆ ಆ ಫ್ರಿಡ್ಜಿಗೆ ಯುಪಿಎಸ್ ಇದೆಯೇ?

ನಾಲ್ಕು, ಡಿಸ್ಚಾರ್ಜ್ ಆಗುವಾಗ ಯಾವ ಔಷಧ, ಎಷ್ಟು ಡೋಸ್ ಅಂತ ಬರೆದು ಕೊಡುತ್ತೀರಾ? ಪೂರ್ಣ ಅರಿವಳಿಕೆ ಆದವರನ್ನು ‘ಮಧ್ಯದಲ್ಲಿ ಎಚ್ಚರ ಆಗಿತ್ತಾ ಅಮ್ಮಾ’ ಅಂತ ಯಾರಾದರೂ ಕೇಳುತ್ತೀರಾ?

ಸರ್ಕಾರಕ್ಕೂ ಒಂದು ಬೇಡಿಕೆ. ಖರ್ಚಿಲ್ಲದ್ದು. ತಾಯಿ ಕಾರ್ಡಿನ ಮೇಲ್ಭಾಗದಲ್ಲಿ ದಪ್ಪ ಅಕ್ಷರದ ಒಂದು ಚೌಕ ಇರಲಿ: ಕೊನೆಯ ತೂಕ, ಪ್ಲೇಟ್‌ಲೆಟ್, ಒಗ್ಗದ ಔಷಧ, ಹಿಂದೆ ಅರಿವಳಿಕೆ ಪಡೆದಿದ್ದರೆ ಅದರ ವಿವರ. ಕನ್ನಡದಲ್ಲಿ.

ಚಾರ್ಟ್ ಸಿಕ್ಕಿದ ದಿನ ಸಂಜೆ ತಂಗಿ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಜೆರಾಕ್ಸನ್ನು ಎರಡು ಸಲ ನೋಡಿದಳು. ‘ಹಂಗಾದ್ರೆ ನಂಗೆ ಹುಚ್ಚು ಅಲ್ಲ’ ಅಂದಳು. ಅಷ್ಟು ದಿನ ಅವಳು ಹಾಗೆ ಅಂದುಕೊಂಡಿದ್ದಳು ಅನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ಒಬ್ಬ ಮನೋವೈದ್ಯರ ಹತ್ತಿರ ಹೋಗುತ್ತಿದ್ದಾಳೆ. ರಾತ್ರಿ ದೀಪ ಇನ್ನೂ ಉರಿಯುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿಗೆ ಏಳು ತಿಂಗಳು ತುಂಬಿತು. ಮಡಿಲಕ್ಕಿ ತುಂಬಿ ಬಂದ ತಂಗಿ ಅವಳ ತಾಯಿ ಕಾರ್ಡ್ ಇಸಕೊಂಡು, ತೂಕದ ಪುಟದ ಫೋಟೊ ತೆಗೆದು, ಅವಳ ಗಂಡನ ಮೊಬೈಲಿಗೂ ಅಣ್ಣನ ಮೊಬೈಲಿಗೂ ಕಳಿಸಿದಳು. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಅಷ್ಟು ಮಾಡಿ.